ಇಪ್ಪತ್ತಕ್ಕೊಂದು ತಪ್ಪು ಎಲ್ಲಿ ಹೋಯಿತು?

ಪ್ರೋಟೀನ್ ಕಟ್ಟುವಾಗ ಜೀವಕೋಶ ಇಪ್ಪತ್ತಕ್ಕೊಂದು ತಪ್ಪು ಮಾಡೀತೆಂದು ಲೀನಸ್ ಪಾಲಿಂಗ್ ಲೆಕ್ಕ ಹಾಕಿದ್ದರು, ಆ ಲೆಕ್ಕ ಸುಳ್ಳಾಯಿತು ಎಂಬ ಮಾತು ನಾನು ಓದುವ ಪುಸ್ತಕಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಿತ್ತು. ಅಣುಗಳ ಬಂಧವನ್ನು ಜಗತ್ತಿಗೇ ಕಲಿಸಿಕೊಟ್ಟವರು ಅಣುಗಳ ವಿಷಯದಲ್ಲೇ ಹೀಗೆ ಎಡವಿದರೇ? ನನ್ನ ಮನಸ್ಸು ಒಪ್ಪಲಿಲ್ಲ. ಮೂಲ ಲೇಖನವನ್ನೇ ಹುಡುಕಹೊರಟೆ.

ಅದು ಯಾವ ಜರ್ನಲ್‌ನಲ್ಲೂ ಇಲ್ಲ. ಸ್ವಿಟ್ಜರ್ಲೆಂಡಿನ ರಸಾಯನವಿಜ್ಞಾನಿ ಆರ್ಥರ್ ಸ್ಟಾಲ್ ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆಂದು ಬಾಸೆಲ್‌ನಲ್ಲಿ ಅಚ್ಚಾದ ಅಭಿನಂದನ ಗ್ರಂಥದಲ್ಲಿದೆ. ಅದನ್ನು ಉಲ್ಲೇಖಿಸುವವರಲ್ಲಿ ಕೆಲವರು 1957 ಎನ್ನುತ್ತಾರೆ, ಕೆಲವರು 1958. ನಮ್ಮಲ್ಲೂ ಎಷ್ಟೋ ಒಳ್ಳೆಯ ಬರಹಗಳು ಅಭಿನಂದನ ಗ್ರಂಥಗಳೊಳಗೆ ಹೀಗೇ ಹುದುಗಿಹೋಗಿವೆ.

ಪಾಲಿಂಗ್ ವಾದ ಸರಳ. ಐಸೊಲ್ಯೂಸಿನ್ ಮತ್ತು ವ್ಯಾಲಿನ್ ಎಂಬ ಎರಡು ಅಮೈನೊ ಆಮ್ಲಗಳ ನಡುವಿನ ಅಂತರ ಒಂದು ಇಂಗಾಲ, ಎರಡು ಜಲಜನಕ, ಅಷ್ಟೆ. ಐಸೊಲ್ಯೂಸಿನ್‌ಗೆಂದು ಕಿಣ್ವದಲ್ಲಿ ಮಾಡಿಟ್ಟ ಕುಳಿಯಲ್ಲಿ ಅದಕ್ಕಿಂತ ಚಿಕ್ಕದಾದ ವ್ಯಾಲಿನ್ ಕೂಡ ಕೂರಬಲ್ಲದು. ದೊಡ್ಡ ಕಾಲು ಚಿಕ್ಕ ಚಪ್ಪಲಿಗೆ ಹೋಗದು. ಚಿಕ್ಕ ಕಾಲನ್ನು ದೊಡ್ಡ ಚಪ್ಪಲಿ ತಡೆಯದು. ಆ ಸಣ್ಣ ಸಡಿಲದಿಂದ ಬಂಧ ಎಷ್ಟು ದುರ್ಬಲವಾದೀತು ಎಂದು ಲೆಕ್ಕ ಹಾಕಿದಾಗ ಬಂದದ್ದು ಇಪ್ಪತ್ತಕ್ಕೊಂದು. 20 ಐಸೊಲ್ಯೂಸಿನ್ ಇರುವ ಪ್ರೋಟೀನಿಗೆ ಇದನ್ನು ಅನ್ವಯಿಸಿ ನೋಡಿದೆ: ಮೂರರಲ್ಲಿ ಸುಮಾರು ಎರಡು ಪಾಲು ಅಣುಗಳಲ್ಲಿ ಒಂದಾದರೂ ತಪ್ಪು ಇರಬೇಕು.

ಇದನ್ನು ಅಳೆದು ನೋಡಿದವರು ರಾಬರ್ಟ್ ಲಾಫ್ಟ್‌ಫೀಲ್ಡ್. ಇಲ್ಲಿ ನಾನು ಸ್ವಲ್ಪ ದಾರಿ ತಪ್ಪಿದೆ. 1963ರಲ್ಲಿ ಒಂದು, 1972ರಲ್ಲಿ ಇನ್ನೊಂದು, ಅವರ ಎರಡು ಲೇಖನಗಳು ಒಂದೇ ಜರ್ನಲ್‌ನಲ್ಲಿ ಒಂದೇ ಶೀರ್ಷಿಕೆಯಲ್ಲಿ ಬಂದಿವೆ. ಒಂದರ ಅಂಕಿಯನ್ನು ಇನ್ನೊಂದರಲ್ಲಿ ಹುಡುಕುತ್ತ ಕೂತಿದ್ದೆ. ಮೊದಲನೆಯದು ಕೋಳಿಮೊಟ್ಟೆಯ ಬಿಳಿಯಲ್ಲಿರುವ ಓವಾಲ್ಬುಮಿನ್ ಕುರಿತು, ಎರಡನೆಯದು ಮೊಲದ ಹಿಮೋಗ್ಲೋಬಿನ್ ಕುರಿತು. ವ್ಯಾಲಿನ್ ಇರಲೇಬಾರದ ತುಣುಕಿನಲ್ಲಿ ವಿಕಿರಣಶೀಲ ವ್ಯಾಲಿನ್ ಎಷ್ಟು ನುಸುಳಿದೆ ಎಂದು ಎಣಿಸುವುದು ಇಂಥ ಅಳತೆಯ ಜೀವಾಳ. ಸಿಕ್ಕ ಅಂಕಿ ಸುಮಾರು 3000ಕ್ಕೆ ಒಂದು. ಪಾಲಿಂಗ್ ಹೇಳಿದ್ದಕ್ಕಿಂತ ನೂರೈವತ್ತು ಪಟ್ಟು ಕಡಿಮೆ.

ಪುಸ್ತಕಗಳು ಕಥೆಯನ್ನು ಇಲ್ಲಿಗೇ ಮುಗಿಸುವುದುಂಟು. ನನಗೆ ಬೇಕಿದ್ದದ್ದು ಆ ನಡುವಿನ ತಪ್ಪುಗಳು. ಅವು ಆಗಲೇ ಇಲ್ಲವೋ, ಆಗಿ ಅಳಿಸಿಹೋದವೋ?

ಉತ್ತರ 1966ರ ಒಂದು ಲೇಖನದಲ್ಲಿದೆ. ಬರೆದವರು ನಾರ್ಮನ್ ಬಾಲ್ಡ್‌ವಿನ್ ಮತ್ತು ಪಾಲ್ ಬರ್ಗ್. ಅಮೈನೊ ಆಮ್ಲ ಪ್ರೋಟೀನ್ ಕಟ್ಟುವ ರೈಬೊಸೋಮ್ ತಲುಪುವುದು ಟಿಆರ್‌ಎನ್‌ಎ ಎಂಬ ವಾಹಕ ಅಣುವಿನ ಬೆನ್ನೇರಿ. ಯಾವುದರ ಬೆನ್ನ ಮೇಲೆ ಯಾವುದನ್ನು ಏರಿಸಬೇಕೆಂದು ತೀರ್ಮಾನಿಸುವುದು ಕಿಣ್ವ. ಅದು ಮೊದಲು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಖರ್ಚು ಮಾಡಿ ಅಮೈನೊ ಆಮ್ಲವನ್ನು ಚುರುಕುಗೊಳಿಸುತ್ತದೆ, ಆಮೇಲೆ ಏರಿಸುತ್ತದೆ. ಬಾಲ್ಡ್‌ವಿನ್ ಮತ್ತು ಬರ್ಗ್ ಐಸೊಲ್ಯೂಸಿನ್‌ನ ಕಿಣ್ವಕ್ಕೆ ಬೇಕೆಂದೇ ವ್ಯಾಲಿನ್ ಕೊಟ್ಟರು. ಕಿಣ್ವ ಅದನ್ನು ಹಿಡಿಯಿತು, ಚುರುಕುಗೊಳಿಸಿತು, ಬಿಡದೆ ಇಟ್ಟುಕೊಂಡಿತು. ಪಾಲಿಂಗ್ ಶಂಕಿಸಿದ ತಪ್ಪು ಕಣ್ಣೆದುರೇ ನಡೆದಿತ್ತು. ಐಸೊಲ್ಯೂಸಿನ್‌ನ ಟಿಆರ್‌ಎನ್‌ಎ ಬೆರೆಸಿದ್ದೇ ತಡ, ಆ ಜೋಡಿ ಒಡೆಯಿತು. ವ್ಯಾಲಿನ್ ಬಿಡುಗಡೆಯಾಗಿ ಹೊರಬಿತ್ತು. ಖರ್ಚಾದ ಎಟಿಪಿ ವಾಪಸ್ ಬರಲಿಲ್ಲ. ಈ ಪುಟಗಳನ್ನು ಮೂರು ಸಲ ಓದಿದೆ. ಪಾಲಿಂಗ್ ಲೆಕ್ಕ ಹಾಕಿದ್ದು ಒಂದೇ ಸಲದ ಆಯ್ಕೆಗೆ. ಕೋಶ ಎರಡನೆಯ ಸಲವೂ ನೋಡುತ್ತದೆ.

ಎರಡನೆಯ ನೋಟ ಹೇಗೆಂದು 1977ರಲ್ಲಿ ಅಲನ್ ಫರ್ಷ್ಟ್ ಬಿಡಿಸಿ ಹೇಳಿದರು: ಎರಡು ಜರಡಿ. ಬೀಸಿದ ಗೋಧಿಯನ್ನು ದಪ್ಪ ಕಣ್ಣಿನ ಜರಡಿಗೆ ಹಾಕಿದರೆ ತರಿ ಮೇಲುಳಿದು ರವೆ, ಹಿಟ್ಟು ಎರಡೂ ಕೆಳಗಿಳಿಯುತ್ತವೆ. ಅದನ್ನೇ ಸಣ್ಣ ಕಣ್ಣಿನದಕ್ಕೆ ಹಾಕಿದರೆ ಹಿಟ್ಟು ಉದುರಿ ರವೆ ನಿಲ್ಲುತ್ತದೆ. ಐಸೊಲ್ಯೂಸಿನ್ ರವೆ, ವ್ಯಾಲಿನ್ ಹಿಟ್ಟು. ಕಿಣ್ವದ ಎರಡನೆಯ ಕುಳಿಯೊಳಗೆ ಐಸೊಲ್ಯೂಸಿನ್ ಹಿಡಿಸುವುದಿಲ್ಲ. ವ್ಯಾಲಿನ್ ಇಳಿಯುತ್ತದೆ, ಅಲ್ಲಿ ಕತ್ತರಿ ಕಾದಿದೆ. ಇದು ಪ್ರಯೋಗಗಳಿಂದ ಊಹಿಸಿದ ಚಿತ್ರ. ಒಂದೇ ಕಿಣ್ವದಲ್ಲಿ ಎರಡು ಕುಳಿಗಳು ಬೇರೆ ಬೇರೆ ಕಡೆ ಇರುವುದನ್ನು ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾವೊಂದರ ಕಿಣ್ವದ ಸ್ಫಟಿಕದಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದ್ದು 1998ರಲ್ಲಿ.

ಇಷ್ಟೊಂದು ಮುತುವರ್ಜಿ ಈ ಏರಿಸುವ ಹಂತದಲ್ಲಿಯೇ ಏಕೆ? ಅದಕ್ಕೂ ಹಳೆಯ ಕಡತದಲ್ಲಿ ಪುರಾವೆಯಿದೆ. 1962ರಲ್ಲಿ ಶಾಪ್‌ವಿಲ್ ಮತ್ತು ಸಂಗಡಿಗರು ಸಿಸ್ಟೀನ್ ಹೊತ್ತ ಟಿಆರ್‌ಎನ್‌ಎ ತೆಗೆದುಕೊಂಡು, ಬೆನ್ನ ಮೇಲಿದ್ದ ಸಿಸ್ಟೀನನ್ನು ರಾಸಾಯನಿಕವಾಗಿ ಅಲನಿನ್ ಆಗಿ ಬದಲಿಸಿಬಿಟ್ಟರು. ಪ್ರೋಟೀನ್ ಕಟ್ಟುವ ವ್ಯವಸ್ಥೆ ಸಿಸ್ಟೀನ್ ಇರಬೇಕಾದಲ್ಲಿ ಆ ಅಲನಿನ್ ಅನ್ನೇ ಜೋಡಿಸಿತು. ರೈಬೊಸೋಮಿನಲ್ಲಿ ಪರೀಕ್ಷೆಯಾಗುವುದು ಟಿಆರ್‌ಎನ್‌ಎಯ ಗುರುತು, ಬೆನ್ನ ಮೇಲಿನ ಹೊರೆಯಲ್ಲ.

ಬರ್ಗ್ ಹೆಸರು ಹಿಡಿದು ಹೋದಾಗ 1967ರ ಇನ್ನೊಂದು ಲೇಖನವೂ ಸಿಕ್ಕಿತು, ರಿಚರ್ಡ್ ಕ್ಯಾಲೆಂಡರ್ ಜೊತೆಗಿನದು. ಪ್ರೋಟೀನಿಗೆ ಸಲ್ಲದ ಬಲಗೈ ರೂಪದ ಟೈರೊಸಿನ್ ಟಿಆರ್‌ಎನ್‌ಎ ಮೇಲೇರಿದರೆ ಕಿತ್ತುಹಾಕುವ ಪ್ರತ್ಯೇಕ ಕಿಣ್ವವಿದೆಯೆಂದು ಅದರಲ್ಲಿತ್ತು. ಆ ಕಿಣ್ವ ಎಡ-ಬಲ ಗುರುತಿಸುವ ಬಗೆಯನ್ನು 2013ರಲ್ಲಿ ವಿವರಿಸಿದ್ದು ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ರಾಜನ್ ಶಂಕರನಾರಾಯಣನ್ ತಂಡ, ಮಲೇರಿಯಾ ಪರಾವಲಂಬಿಯ ಕಿಣ್ವದ ಮೂಲಕ. ಹುಡುಕಾಟದಲ್ಲಿ ಇಷ್ಟು ಹತ್ತಿರದ ಊರೊಂದು ಸಿಕ್ಕಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ಕೊನೆಯದಾಗಿ ತೆಗೆದ ಲೇಖನ 2006ರದು, ಮೈಯ ಕೂದಲು ಅಂಟಂಟಾಗಿ ಕಾಣುವ ಇಲಿಗಳ ಬಗ್ಗೆ. ಅವುಗಳಲ್ಲಿ ಅಲನಿನ್ ಏರಿಸುವ ಕಿಣ್ವ ಏರಿಸುವ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ತಪ್ಪಾಗಿ ಹಿಡಿದ ಸೆರಿನ್ ಅನ್ನು ಕತ್ತರಿಸುವ ಶಕ್ತಿ ಮಾತ್ರ ಕುಂದಿತ್ತು, ಪೂರ್ತಿ ಹೋಗಿರಲಿಲ್ಲ. ತಪ್ಪಾಗಿ ಮಡಚಿದ ಪ್ರೋಟೀನುಗಳನ್ನು ನೆಟ್ಟಗೆ ಮಾಡುವ ಸಹಾಯಕ ಪ್ರೋಟೀನುಗಳು ಹೆಚ್ಚಿದ್ದವು, ಒಡೆದುಹಾಕಬೇಕಾದವುಗಳಿಗೆ ಗುರುತೂ ಬಿದ್ದಿತ್ತು. ಆದರೂ ಕಿರುಮೆದುಳಿನ ಪರ್ಕಿಂಜೆ ಕೋಶಗಳು ಒಂದೊಂದಾಗಿ ಸತ್ತವು, ಇಲಿಗಳ ನಡಿಗೆ ತಪ್ಪಿತು. ಪರ್ಕಿಂಜೆ ಕೋಶ ಮತ್ತೆ ಒಡೆದು ಎರಡಾಗುವುದಿಲ್ಲ. ಒಳಗೆ ಕೂಡಿದ ಕಸ ಮರಿಕೋಶಗಳಿಗೆ ಹಂಚಿಹೋಗಲು ದಾರಿಯಿಲ್ಲ.