ಹವಳ ಉಣ್ಣುವ ಬೆಳಕು

ಇಳಕಲ್‌ಗೆ ಸೀರೆ ಕೊಳ್ಳಲು ಬಂದ ಹೆಣ್ಣುಮಕ್ಕಳು ಅಂಗಡಿಯ ದೀಪವನ್ನು ನಂಬುವುದಿಲ್ಲ. ಸೆರಗನ್ನು ಬಾಗಿಲ ಬಳಿ ಒಯ್ದು ಹಗಲು ಬೆಳಕಿಗೆ ಹಿಡಿದು ನೋಡುತ್ತಾರೆ. ಸೆರಗಿನ ಕೆಂಪು ಟ್ಯೂಬ್‌ಲೈಟಿನಡಿ ಒಂದು ಬಗೆ, ಬಿಸಿಲಿನಲ್ಲಿ ಇನ್ನೊಂದು ಬಗೆ. ದೀಪದಲ್ಲಿ ಇಲ್ಲದ ಬಣ್ಣವನ್ನು ಬಟ್ಟೆ ಎಲ್ಲಿಂದ ತಂದು ತೋರಿಸೀತು? ಗಾಜಿನ ತೊಟ್ಟಿಯಲ್ಲಿ ಹವಳ ಸಾಕಲು ಹೊರಟವರಿಗೆ ಇಷ್ಟು ಅರ್ಥವಾಗಲು ಸುಮಾರು ಅರ್ಧ ಶತಮಾನ ಹಿಡಿಯಿತು.

ಕಡಲಿನಿಂದ ಇಷ್ಟು ದೂರದ ಬಾಗಲಕೋಟೆಗೆ ಹವಳದ ಮಾತೇಕೆ ಎನ್ನಬಹುದು. ಆದರೆ ನಮ್ಮ ಜಿಲ್ಲೆಯ ನೆಲದಡಿಯ ಸುಣ್ಣಕಲ್ಲು ಕಡಲಿನದ್ದೇ. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಭೂವಿಜ್ಞಾನಿಗಳು ಅದನ್ನು ಕಲಾದಗಿ ಜಲಾನಯನ ಎನ್ನುತ್ತಾರೆ. ಆಗ ಹವಳವಿನ್ನೂ ಹುಟ್ಟಿರಲಿಲ್ಲ. ಬಿಸಿಲನ್ನೇ ಉಂಡು ಬದುಕುತ್ತಿದ್ದ ಸೂಕ್ಷ್ಮಾಣುಗಳು ಪದರದ ಮೇಲೆ ಪದರ ಕಟ್ಟಿ ಬಿಟ್ಟುಹೋದ ಸ್ಟ್ರೊಮ್ಯಾಟೊಲೈಟ್‌ಗಳು ಇಲ್ಲಿನ ಡೊಲೊಮೈಟ್ ಬಂಡೆಗಳಲ್ಲಿ ಈಗಲೂ ಕಾಣುತ್ತವೆ. ಬಾದಾಮಿಯ ಕೆಂಪು ಮರಳುಗಲ್ಲು ಅದರ ಮೇಲೆ ಕೂತದ್ದು; ಇಳಕಲ್-ಹುನಗುಂದದ ಗ್ರಾನೈಟ್ ಅದಕ್ಕಿಂತಲೂ ಹಳೆಯದು. ಬೆಳಕನ್ನು ಕಲ್ಲಾಗಿಸುವ ಕೆಲಸ ಈ ನೆಲಕ್ಕೆ ಹೊಸದಲ್ಲ.

ಹವಳ ಮಾಡುವುದೂ ಅದನ್ನೇ. ಅದು ಪ್ರಾಣಿ, ಆದರೆ ಅದರ ಮೈಯೊಳಗೆ ಜೂಕ್ಸಾಂಥೆಲ್ಲೆ ಎಂಬ ಪಾಚಿ ಒಕ್ಕಲಿದೆ. ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತದೆ. ಕಡಲ ನೀರು ಮೊದಲು ನುಂಗುವುದು ಕೆಂಪನ್ನು. ಹತ್ತು ಮೀಟರ್ ಆಳದಲ್ಲಿ ಇಳಕಲ್ ಸೆರಗು ಹಿಡಿದರೆ ಕಪ್ಪಡರಿದಂತೆ ಕಾಣುತ್ತದೆ. ಆಳಕ್ಕೆ ತಲುಪುವುದು ನೀಲಿ. ಹಾಗಾಗಿ ಈ ಪಾಚಿ 400ರಿಂದ 480 ನ್ಯಾನೋಮೀಟರ್ ನಡುವಿನ ನೇರಳೆ-ನೀಲಿ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ತಮ್ಮ ಹವಳದ ತೊಟ್ಟಿಗಳ ಬಗ್ಗೆ ಬರೆದಾಗ ಅವರಿಗೆ ದೀಪದ ಚಿಂತೆಯೇ ಇರಲಿಲ್ಲ. ಸೂಕ್ಷ್ಮಜೀವಿಗಳು ನೆಲೆಸಿದ ಕಡಲ ‘ಜೀವಂತ ಕಲ್ಲು’, ಗಾಳಿಗುಳ್ಳೆ, ಕಿಟಕಿಯ ಬಿಸಿಲು, ಅಷ್ಟೇ. ಅಂಥ ಬಿಸಿಲಿಲ್ಲದ ಜರ್ಮನಿಯಲ್ಲಿ ದಾರಿ ಬೇರೆಯಾಯಿತು. ಪೀಟರ್ ವಿಲ್ಕೆನ್ಸ್, ಡೀಟ್ರಿಶ್ ಸ್ಟ್ಯೂಬರ್ ಮುಂತಾದವರು 1970-80ರ ದಶಕಗಳಲ್ಲಿ ರೂಪಿಸಿದ ಬರ್ಲಿನ್ ಪದ್ಧತಿಗೆ ಮೆಟಲ್ ಹ್ಯಾಲೈಡ್ ದೀಪವೇ ಸೂರ್ಯನಾಯಿತು. ಗಟ್ಟಿ ಹವಳ ಮನೆಯೊಳಗೆ ಬೆಳೆದದ್ದು ಅದರ ಕೆಳಗೆ. ಆದರೆ ಒಂದೊಂದು ದೀಪ 150ರಿಂದ 400 ವ್ಯಾಟ್, ಕಾವು ವಿಪರೀತ. ಹವಳಕ್ಕೆ 24ರಿಂದ 27 ಡಿಗ್ರಿಯ ನೀರು ಬೇಕು. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ ಆ ದೀಪ ಹಚ್ಚಿದರೆ ನೀರು ತಂಪು ಮಾಡಲು ಇನ್ನೊಂದು ಯಂತ್ರ, ಅದಕ್ಕೆ ಇನ್ನಷ್ಟು ಕರೆಂಟು. ಸಣ್ಣ ಊರಿನ ಹವ್ಯಾಸಿಗೆ ಅದು ನಿಲುಕುವ ಮಾತಲ್ಲ. ತೆಳ್ಳನೆಯ ಟಿ5 ಟ್ಯೂಬುಗಳು ಖರ್ಚು ತಗ್ಗಿಸಿದವು, ಆದರೂ ಅವನ್ನು ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಬದಲಿಸಬೇಕು.

ತಿರುವು ಬಂದದ್ದು ಜಪಾನಿನಿಂದ. 1993ರಲ್ಲಿ ನಿಚಿಯಾ ಕಂಪನಿಯ ಶೂಜಿ ನಕಾಮುರಾ ಪ್ರಖರ ನೀಲಿ ಎಲ್‌ಇಡಿ ತಂದರು. 2014ರಲ್ಲಿ ಅಕಾಸಾಕಿ ಮತ್ತು ಅಮಾನೊ ಅವರೊಂದಿಗೆ ನೊಬೆಲ್ ಪಡೆದರು. ಹವಳಕ್ಕೆ ಬೇಕಾದ ನೀಲಿಯೇ ಅಗ್ಗವಾಗಿ ಕೈಗೆ ಸಿಕ್ಕಿತು. 2006-07ರ ಹೊತ್ತಿಗೆ ಅಮೆರಿಕದ ಪಿಎಫ್‌ಒ ಕಂಪನಿ ‘ಸೊಲಾರಿಸ್’ ಎಂಬ ಎಲ್‌ಇಡಿ ದೀಪ ಮಾರುಕಟ್ಟೆಗೆ ಬಿಟ್ಟಿತು, ಪೇಟೆಂಟ್ ತಕರಾರಿಗೆ ಸಿಕ್ಕಿತು. ಆ ದಿನಗಳಲ್ಲಿ ಅನೇಕರ ಹವಳ ಬೆಳ್ಳಗಾಗಿ ಸತ್ತವು. ಕಾರಣ ದೀಪ ಸಾಲದ್ದಲ್ಲ, ಹೆಚ್ಚಾದದ್ದು. ನಮ್ಮ ಕಣ್ಣಿಗೆ ನೀಲಿ ಮಂದವಾಗಿ ಕಾಣುವುದರಿಂದ ಜನ ಗುಂಡಿ ತಿರುಗಿಸುತ್ತಲೇ ಹೋದರು. ಕಣ್ಣನ್ನು ಬಿಟ್ಟು ಅಳತೆಗೆ ಹೊರಳಬೇಕಾಯಿತು. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಜಯ್ ಜೋಶಿ ಒಂದೊಂದೇ ದೀಪವನ್ನು ಅಳೆದು ವರ್ಷಗಟ್ಟಲೆ ಬರೆದರು. ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ತಾಳ್ಮೆಯ ಕೆಲಸ. ಅಳತೆಯ ಹೆಸರು ಪಾರ್. ಎಲೆ-ಪಾಚಿಗಳು ಬಳಸಬಲ್ಲ ಬೆಳಕಿನ ಲೆಕ್ಕ. ನಡುಹಗಲ ಬಿಸಿಲಿನಲ್ಲಿ ಅದು ಸುಮಾರು 2000. ಮೆದು ಹವಳಕ್ಕೆ 50ರಿಂದ 150 ಸಾಕು, ಕವಲೊಡೆಯುವ ಗಟ್ಟಿ ಹವಳಕ್ಕೆ 250ರ ಮೇಲೆ ಬೇಕು.

ಈಗ ಅಗ್ಗದ ದೀಪವೆಂದರೆ ಚೀನಾದ ಕಪ್ಪು ಪೆಟ್ಟಿಗೆ. 3 ವ್ಯಾಟಿನ 55 ಎಲ್‌ಇಡಿ ಚಿಪ್‌ಗಳನ್ನು ಗುಣಿಸಿ 165 ವ್ಯಾಟ್ ಎಂದು ಬರೆದಿರುತ್ತಾರೆ. ನಿಜಕ್ಕೂ ಎಳೆಯುವ ಕರೆಂಟು ಅದಕ್ಕಿಂತ ಕಡಿಮೆ. ಆದ್ದರಿಂದ ವ್ಯಾಟ್ ನೋಡಿ ಕೊಳ್ಳಬೇಡಿ. ನೀಲಿಗೂ ಬಿಳಿಗೂ ಬೇರೆ ಬೇರೆ ಗುಂಡಿ ಇದೆಯೇ, ನೀಲಿಯ ಜೊತೆ 420 ನ್ಯಾನೋಮೀಟರ್ ಸುತ್ತಿನ ನೇರಳೆ ಚಿಪ್ ಇದೆಯೇ, ಫ್ಯಾನು ಸದ್ದಿಲ್ಲದೆ ತಿರುಗುತ್ತದೆಯೇ, ಡ್ರೈವರ್ ಕೆಟ್ಟರೆ ಬದಲಿಸಬಹುದೇ, ಇವನ್ನು ನೋಡಿ. ಎರಡಡಿ ತೊಟ್ಟಿಗೆ ಇಂಥದೊಂದೇ ಹೆಚ್ಚಾದೀತು. ನೀರಿನಿಂದ ಒಂದಡಿ ಮೇಲೆ ತೂಗುಹಾಕಿ, ಕಾಲುಭಾಗ ಬೆಳಕಿನಿಂದ ಶುರುಮಾಡಿ, ವಾರಕ್ಕಿಷ್ಟು ಎಂದು ಏರಿಸಿ. ದಿನಕ್ಕೆ ಎಂಟು-ಹತ್ತು ತಾಸು ಸಾಕು. ಸೆಕೆಯಲ್ಲಿ ದೀಪವನ್ನು ಮುಚ್ಚಳದೊಳಗೆ ಕೂರಿಸಿದರೆ ಅದರ ಆಯುಷ್ಯವೇ ಕುಗ್ಗುತ್ತದೆ.

ಆದರೆ ಇದೆಲ್ಲ ಬಳಕೆಗೆ ಬರುವುದು ತೊಟ್ಟಿಯಲ್ಲೇ ಬೆಳೆಸಿದ ಹವಳದ ತುಣುಕು ಕಾನೂನುಬದ್ಧವಾಗಿ ಸಿಗುವ ಅಮೆರಿಕ, ಯುರೋಪುಗಳಲ್ಲಿ ನೆಲೆಸಿದ ನಮ್ಮವರಿಗೆ. ಭಾರತದಲ್ಲಿ ಗಟ್ಟಿ ಹವಳ, ಕರಿ ಹವಳ, ಕಡಲ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಅಂಗಡಿಯವ ಗುಟ್ಟಾಗಿ ತಂದುಕೊಡುತ್ತೇನೆಂದರೆ ದಯವಿಟ್ಟು ಬೇಡವೆನ್ನಿ. ಹವಳ ನೋಡಬೇಕೆಂದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಮುಳುಗು ಹಾಕಬಹುದು.

ಮನೆಯ ತೊಟ್ಟಿ ಬರಿದಾಗಬೇಕಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ಹ್ಯಾಚರಿಯಲ್ಲೇ ಮರಿಮಾಡಿಸುವ ವಿಧಾನ ರೂಪಿಸಿದೆ. ಅಂಥ ಜೋಡಿ ಮೀನು, ಒಂದಿಷ್ಟು ಕಡಲ ಪಾಚಿ, ಆರ್‌ಒ ನೀರಿಗೆ ಅಳೆದು ಹಾಕಿದ ಉಪ್ಪು. ಗಡಸು ಬೋರ್‌ವೆಲ್ ನೀರು ಮಾತ್ರ ಬೇಡ. ಇದಕ್ಕೆ ಕಪ್ಪು ಪೆಟ್ಟಿಗೆಯೂ ಬೇಕಿಲ್ಲ. ಸರ್ಕಾರ ‘ಹೊಸ ಬೆಳಕು’ ಎಂದು ಮನೆಮನೆಗೆ ಹಂಚಿದ 9 ವ್ಯಾಟಿನ ಬಿಳಿ ಬಲ್ಬಿನೊಳಗೆ ಇರುವುದೂ ಸುಮಾರು 450 ನ್ಯಾನೋಮೀಟರಿನ ನೀಲಿ ಚಿಪ್ಪೇ ಅಲ್ಲ, ಎಲ್‌ಇಡಿ ಚಿಪ್. ಅದರ ಮೇಲೆ ಹಳದಿ ಲೇಪ ಬಳಿದು ಬಿಳಿ ಮಾಡಿದ್ದಾರೆ. ಅಂಥ ಎರಡು ಬಲ್ಬು ತೂಗುಹಾಕಿದರೆ ಹಸಿರು ಪಾಚಿ ಚೆನ್ನಾಗಿಯೇ ಹಬ್ಬುತ್ತದೆ.