ಹಳೆಯ ಆಟದ ಯಂತ್ರವೂ ಕೃತಕ ಬುದ್ಧಿಯ ವಿದ್ಯಾಭ್ಯಾಸವೂ

ಯಂತ್ರವನ್ನು ಮನುಷ್ಯನು ನಡೆಯಿಸುವುದು ಎಲ್ಲರೂ ಬಲ್ಲ ವಿಷಯ. ಒಂದು ಯಂತ್ರವನ್ನು ಇನ್ನೊಂದು ಯಂತ್ರವು, ಮನುಷ್ಯನು ನೋಡುವ ತೆರೆಯನ್ನೇ ನೋಡಿ, ಅವನು ಹಿಡಿಯುವ ಹಿಡಿಯನ್ನೇ ಹಿಡಿದು ನಡೆಯಿಸಲು ಕಲಿತದ್ದಾದರೋ ಈಚಿನ ಸಂಗತಿ. ಈ ವಿದ್ಯೆಯು ಲೋಕದ ಗಮನಕ್ಕೆ ಬಂದುದು ಮಕ್ಕಳು ಆಡಿ ಬಿಟ್ಟ ಆಟದ ಪೆಟ್ಟಿಗೆಯೊಂದರ ಮೂಲಕ ಎಂಬುದು ಸ್ವಾರಸ್ಯವಾದ ಅಂಶವಾಗಿದೆ.

1977ರಲ್ಲಿ ಅಟಾರಿ ಎಂಬ ಅಮೆರಿಕದ ಕಂಪನಿಯು ಮನೆಯ ಟೆಲಿವಿಷನ್ನಿಗೆ ಜೋಡಿಸತಕ್ಕ ಆಟದ ಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ಮುಂದೆ ಅದಕ್ಕೆ ಅಟಾರಿ 2600 ಎಂದು ಹೆಸರಾಯಿತು. ಅದರ ತಾತ್ಕಾಲಿಕ ಸ್ಮೃತಿಯು ಕೇವಲ 128 ಬೈಟುಗಳು. ಇಂಗ್ಲಿಷಿನ 128 ಅಕ್ಷರಗಳನ್ನು ಬರೆದಿಡುವಷ್ಟು ಸ್ಥಳವೆಂದು ತಿಳಿಯಬಹುದು. ಆಡುವವನ ಕೈಯಲ್ಲಿದ್ದುದು ಒಂದು ಹಿಡಿ, ಒಂದು ಗುಂಡಿ. ಹಿಡಿಯನ್ನು ಎಂಟು ದಿಕ್ಕುಗಳಿಗೆ ವಾಲಿಸಬಹುದು, ಇಲ್ಲವೆ ಸುಮ್ಮನೆ ಬಿಡಬಹುದು; ಗುಂಡಿಯನ್ನು ಒತ್ತಬಹುದು, ಒತ್ತದಿರಬಹುದು. ಹೀಗೆ ಒಟ್ಟು 18 ಕ್ರಿಯೆಗಳು ಮಾತ್ರ ಸಾಧ್ಯವಾಗಿದ್ದುವು.

ಈ ಯಂತ್ರದ ನಡೆವಳಿಕೆಯನ್ನು ಅನುಕರಿಸುವ ‘ಸ್ಟೆಲ್ಲಾ’ ಎಂಬ ಎಮ್ಯುಲೇಟರ್ ತಂತ್ರಾಂಶವಿದೆ. ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಬೆಲ್‌ಮಾರ್, ಬೌಲಿಂಗ್ ಮುಂತಾದ ವಿದ್ವಾಂಸರು ಅದನ್ನು ಆಧಾರವಾಗಿಟ್ಟುಕೊಂಡು, ಕೃತಕ ಬುದ್ಧಿಯನ್ನು ಪರೀಕ್ಷಿಸುವ ಅಂಗಳವೊಂದನ್ನು ಕಲ್ಪಿಸಿ 2013ರಲ್ಲಿ ಪ್ರಕಟಿಸಿದರು. ಈ ಆಟಗಳನ್ನು ರಚಿಸಿದವರು ಬೇರೆಯವರು. ರಚಿಸಿದ್ದು ಮನುಷ್ಯರ ವಿನೋದಕ್ಕೆ. ಆದಕಾರಣ ಪರೀಕ್ಷಕನೇ ತನ್ನ ಶಿಷ್ಯನಿಗೆ ಅನುಕೂಲವಾದ ಪ್ರಶ್ನೆಗಳನ್ನು ಬರೆಯುವ ದೋಷಕ್ಕೆ ಇಲ್ಲಿ ಎಡೆಯಿರಲಿಲ್ಲ.

ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆಯವರು ಅದೇ ವರ್ಷ ಏಳು ಆಟಗಳಲ್ಲಿ ಪ್ರಯೋಗ ನಡೆಯಿಸಿದರು. 2015ರಲ್ಲಿ 49 ಆಟಗಳ ಫಲಿತಾಂಶವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಶಿಷ್ಯಯಂತ್ರಕ್ಕೆ ಆಟದ ನಿಯಮಗಳನ್ನು ಯಾರೂ ಬೋಧಿಸಲಿಲ್ಲ. ತೆರೆಯ ಚಿತ್ರ, ಗಳಿಸಿದ ಅಂಕ, ಇವೆರಡೇ ಅದಕ್ಕೆ ಗುರು. ಪ್ರತಿಯೊಂದು ಆಟದಲ್ಲಿಯೂ ಸುಮಾರು 38 ದಿನಗಳ ಆಟಕ್ಕೆ ಸಮನಾದ ಅಭ್ಯಾಸವನ್ನು ಮಾಡಿಸಲಾಯಿತು. ಚೆಂಡಿನಿಂದ ಇಟ್ಟಿಗೆಯ ಗೋಡೆಯನ್ನು ಒಡೆಯುವ ‘ಬ್ರೇಕ್‌ಔಟ್’ ಆಟದಲ್ಲಿ ಅದು ಗೋಡೆಯ ಪಕ್ಕದಲ್ಲಿ ಸುರಂಗವನ್ನು ಕೊರೆದು ಚೆಂಡನ್ನು ಹಿಂಭಾಗಕ್ಕೆ ಕಳುಹುವ ಉಪಾಯವನ್ನು ತಾನಾಗಿಯೇ ಕಂಡುಕೊಂಡಿತು.

ಆದರೆ ‘ಮಾಂಟೆಜೂಮಾಸ್ ರಿವೆಂಜ್’ ಎಂಬ ಆಟದಲ್ಲಿ ಅದೇ ಶಿಷ್ಯನಿಗೆ ದೊರೆತುದು ಸೊನ್ನೆ. ಅಲ್ಲಿ ಏಣಿಯಿಳಿದು, ಅಪಾಯಗಳನ್ನು ತಪ್ಪಿಸಿಕೊಂಡು ಬೀಗದ ಕೈಯನ್ನು ಮುಟ್ಟುವವರೆಗೆ ಅಂಕವೇ ಇಲ್ಲ. ಮನುಷ್ಯನು ಬೀಗದ ಕೈಯನ್ನು ಕಂಡೊಡನೆ ಎಲ್ಲಿಯೋ ಬಾಗಿಲಿದೆಯೆಂದು ಊಹಿಸುತ್ತಾನೆ. ಅಂಕವೊಂದನ್ನೇ ಗುರುವೆಂದು ನಂಬಿದ ಶಿಷ್ಯನಿಗೆ, ಗುರುವು ಮೌನವಾಗಿದ್ದಷ್ಟು ಹೊತ್ತೂ ದಾರಿಯೇ ತೋರದು.

ಇದಕ್ಕಿಂತಲೂ ವಿಚಾರಾರ್ಹವಾದ ಸಂಗತಿಯು 2018ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾನಿಲಯದವರ ಪ್ರಯೋಗದಲ್ಲಿ ಕಂಡುಬಂತು. ‘ಕ್ಯೂಬರ್ಟ್’ ಎಂಬ ಆಟದಲ್ಲಿ ಮೆಟ್ಟಿಲು ಮೆಟ್ಟಿಲಾದ ಪೀಠಗಳ ಮೇಲೆ ನೆಗೆದು ಅವುಗಳ ಬಣ್ಣವನ್ನು ಬದಲಿಸಬೇಕು. ಇವರ ಶಿಷ್ಯಯಂತ್ರವು ಮೊದಲನೆಯ ಹಂತವನ್ನು ಮುಗಿಸಿ, ಅರ್ಥವಿಲ್ಲದಂತೆ ಅತ್ತಿತ್ತ ನೆಗೆಯತೊಡಗಿತು. ಆಟವು ಮುಂದಿನ ಹಂತಕ್ಕೆ ಹೋಗಲಿಲ್ಲ, ಪೀಠಗಳು ಮಿನುಗಿದುವು, ಅಂಕಗಳು ಹತ್ತು ಲಕ್ಷದ ಸಮೀಪಕ್ಕೆ ಏರಿದುವು. ಹಳೆಯ ತಂತ್ರಾಂಶದಲ್ಲಿ ಅಡಗಿದ್ದ ದೋಷವೊಂದು ಹೀಗೆ ಹೊರಬಿದ್ದಿತು. ಶಿಷ್ಯನು ವಂಚಿಸಿದನೆಂದು ಹೇಳುವುದು ನ್ಯಾಯವಲ್ಲ. ಅಂಕವನ್ನು ಗಳಿಸೆಂದು ವಿಧಿಸಿದ್ದರು, ಗಳಿಸಿತು. ಆಟದ ಉದ್ದೇಶವು ಅಂಕದಲ್ಲಿ ಪೂರ್ಣವಾಗಿ ಅಡಗಿರುವುದಿಲ್ಲವೆಂಬುದನ್ನು ವಿಧಿಸಿದವರು ನೆನೆಯಬೇಕಾಗಿತ್ತು.

2020ರಲ್ಲಿ ಡೀಪ್‌ಮೈಂಡಿನವರ ‘ಏಜೆಂಟ್57’ ಎಂಬುದು 57 ಆಟಗಳಲ್ಲಿಯೂ ಮನುಷ್ಯರ ಮಾನದಂಡವನ್ನು ಮೀರಿತು. 2024ರ ಅಕ್ಟೋಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆಯವರು, ತೆರೆಯನ್ನು ನೋಡಿ ಮೌಸನ್ನೂ ಕೀಲಿಗಳನ್ನೂ ಪ್ರಯೋಗಿಸುವ ಶಕ್ತಿಯನ್ನು ತಮ್ಮ ಕೃತಕ ಬುದ್ಧಿಗೆ ಕೊಟ್ಟರು. ಅದು ಆಟಗಳ ಅಂಕದಿಂದ ಕಲಿತುದಲ್ಲ, ಮನುಷ್ಯರ ಭಾಷೆಯ ಮೂಲಕ ಆಜ್ಞೆಯನ್ನು ಗ್ರಹಿಸತಕ್ಕದ್ದು. ಆದರೂ ಪ್ರವೇಶಿಸಿದ ಬಾಗಿಲು ಅದೇ. ಹಳೆಯ ತಂತ್ರಾಂಶಗಳಲ್ಲಿ ಅನೇಕಕ್ಕೆ ತೆರೆ ಮತ್ತು ಕೀಲಿಗಳ ಹೊರತು ಬೇರೆ ಬಾಗಿಲಿಲ್ಲ. ಆದುದರಿಂದ ಮುಪ್ಪಾದ ಯಂತ್ರಗಳೂ ಇಂಥ ಹೊಸ ಆಳಿನ ಕೈಗೆ ಬರುವುದು ಸಾಧ್ಯವಾಯಿತು.

ಆಟದಲ್ಲಿ ತಪ್ಪಿದರೆ ನಷ್ಟವಾಗುವುದು ಒಂದು ಆಟ. ಮನೆಯ ಲೆಕ್ಕವನ್ನೋ ಕಚೇರಿಯ ಕಡತವನ್ನೋ ಒಪ್ಪಿಸಿದಲ್ಲಿ ಹಾಗಲ್ಲ. ಅಂಕವನ್ನು ಕೇಳಿದವನಿಗೆ ಅಂಕವೇ ಬರುತ್ತದೆ. ವಿದ್ಯೆ ಬಂದಿತೋ ಇಲ್ಲವೋ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಪಾಠಶಾಲೆಗಳಲ್ಲಿ ಬಹುಕಾಲದಿಂದ ತಿಳಿದಿದ್ದ ಈ ಮಾತನ್ನು 128 ಬೈಟುಗಳ ಪೆಟ್ಟಿಗೆಯು ಹೊಸದಾಗಿ ನೆನಪಿಗೆ ತಂದುಕೊಟ್ಟಿತು.