ಬೆಡ್‌ಫರ್ಡಿನ ಕಲಾಯಿಗಾರ

ಸ್ವರ್ಗವನ್ನು ಬಯಸುವವರನ್ನು ಕಂಡರೆ ನಮಗೆ ಒಳಗೊಳಗೇ ಒಂದು ಬಗೆಯ ಅನುಮಾನ. ಇಲ್ಲಿ ನಾಲ್ಕು ಕಾಸು ಬಿಟ್ಟು ಅಲ್ಲಿ ನಾನೂರು ವಸೂಲು ಮಾಡಿಕೊಳ್ಳುವ ಲೇವಾದೇವಿಯಲ್ಲವೆ ಅದು, ಎನ್ನುತ್ತೇವೆ. ಈ ಅನುಮಾನ ಹೊಸದೇನೂ ಅಲ್ಲ. ಬೈಬಲ್ಲಿನಲ್ಲಿ ಬರುವ ಯೋಬನ ಕಥೆಯಲ್ಲಿ ಸೈತಾನನು ದೇವರ ಮುಂದೆ ಎತ್ತುವ ಆಕ್ಷೇಪಣೆಯೂ ಇದೇ. ಲಾಭ ಕಾಣದೆ ಯಾರೂ ಭಕ್ತರಾಗುವುದಿಲ್ಲವೆಂಬುದು ಅವನ ವಾದ. ನಿಷ್ಕಾಮ ಭಕ್ತಿಯೇ ದೊಡ್ಡದೆಂದು ನಮ್ಮ ಹಿರಿಯರೂ ಹೇಳಿದ್ದಾರೆ. ಆದರೆ ಸ್ವರ್ಗಕ್ಕಾಗಿ ಬಾಯಾರಿ ಬಾಯಾರಿ, ಆ ಬಾಯಾರಿಕೆಯಿಂದಲೇ ಒಂದು ಜಗತ್ಪ್ರಸಿದ್ಧ ಗ್ರಂಥವನ್ನು ಬರೆದ ಮನುಷ್ಯನೊಬ್ಬನು, ಸ್ವರ್ಗ ಸಿಕ್ಕದೆ ಹೋದರೂ ಸರಿಯೇ ಎಂಬ ನಿರ್ಧಾರಕ್ಕೆ ಒಂದು ದಿನ ಬಂದು ನಿಂತನೆಂಬ ಸಂಗತಿ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಆತನ ಹೆಸರು ಜಾನ್ ಬನ್ಯನ್. ಓದಿದವನಲ್ಲ, ಕುಲೀನನಲ್ಲ. ಊರೂರು ತಿರುಗಿ ತೂತುಬಿದ್ದ ಪಾತ್ರೆಗಳಿಗೆ ತೇಪೆ ಹಾಕುತ್ತಿದ್ದ ಕಲಾಯಿಗಾರ.

ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣಕ್ಕೆ ಒಂದೆರಡು ಮೈಲಿಯ ಅಳತೆಯಲ್ಲಿರುವ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ೧೬೨೮ರಲ್ಲಿ ಅವನು ಹುಟ್ಟಿದ. ತಂದೆಯದೂ ಅದೇ ಕಸುಬು. ಹದಿನಾರನೆಯ ವಯಸ್ಸಿನಲ್ಲಿ, ಅಂದರೆ ೧೬೪೪ರಲ್ಲಿ, ತಾಯಿ ತೀರಿಕೊಂಡಳು. ತಿಂಗಳೊಳಗೆ ತಂಗಿಯೂ ಹೋದಳು. ಮತ್ತೊಂದು ತಿಂಗಳಿಗೆ ತಂದೆ ಮರುಮದುವೆಯಾದ. ಅದೇ ವರ್ಷ ಹುಡುಗ ಪಾರ್ಲಿಮೆಂಟಿನ ಸೈನ್ಯಕ್ಕೆ ಸೇರಿದ. ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ ಕಾಲ. ಒಂದು ಮುತ್ತಿಗೆಗೆ ಇವನು ಹೋಗಬೇಕಾಗಿದ್ದಾಗ ಜೊತೆಗಾರನೊಬ್ಬನು ತಾನು ಹೋಗುತ್ತೇನೆಂದು ಕೇಳಿಕೊಂಡು ಹೋದನಂತೆ. ಕಾವಲು ನಿಂತಿದ್ದಾಗ ತಲೆಗೆ ಗುಂಡು ತಗುಲಿ ಸತ್ತನಂತೆ. ಇದನ್ನು ಬನ್ಯನ್ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಆ ಕಾಲದ ಯುದ್ಧವನ್ನು ಕುರಿತು ಅವನಿಂದ ಹೆಚ್ಚು ತಿಳಿಯಬಯಸುವ ಚರಿತ್ರಕಾರರಿಗೆ ನಿರಾಶೆಯೇ ಗತಿ. ಅವನ ಯುದ್ಧ ಬೇರೆ ಕಡೆ ನಡೆಯಬೇಕಾಗಿತ್ತು.

ಸೈನ್ಯ ಬಿಟ್ಟು ಬಂದಮೇಲೆ ಮದುವೆ. ಹುಡುಗಿ ಎಷ್ಟು ಬಡವಳೆಂದರೆ, ಮನೆಯಲ್ಲಿ ಒಂದು ತಟ್ಟೆ, ಒಂದು ಚಮಚ ಕೂಡ ಇರಲಿಲ್ಲವಂತೆ. ಊರವರ ಪಾತ್ರೆಗಳನ್ನೆಲ್ಲ ಸರಿಮಾಡುವವನ ಮನೆಯಲ್ಲಿ ಪಾತ್ರೆಯಿಲ್ಲ! ಆಕೆ ತವರಿನಿಂದ ತಂದದ್ದು ಎರಡು ಧಾರ್ಮಿಕ ಪುಸ್ತಕಗಳನ್ನು. ಅವುಗಳಲ್ಲಿ ಒಂದರ ಹೆಸರೇ ‘ಸಾಮಾನ್ಯನಿಗೆ ಸ್ವರ್ಗದ ದಾರಿ’ ಎಂಬರ್ಥದ್ದು. ಗಂಡಹೆಂಡಿರು ಕೂಡಿ ಅವನ್ನು ಓದತೊಡಗಿದರು. ಆಗ ಬನ್ಯನ್ನನಿಗೆ ಭಾನುವಾರದ ಆಟದ ಮೇಲೆ ಬಲು ಮೋಹ. ಆಟ ಯಾವುದೆಂದರೆ, ಎರಡು ತುದಿಯೂ ಮೊನಚಾದ ಮರದ ತುಂಡನ್ನು ಕೋಲಿನಿಂದ ಚಿಮ್ಮಿಸಿ ಹೊಡೆಯುವುದು. ನಮ್ಮ ಚಿನ್ನಿದಾಂಡೇ ಎನ್ನಬೇಕು. ಚಿನ್ನಿಯನ್ನು ಒಮ್ಮೆ ಹೊಡೆದು ಎರಡನೆಯ ಏಟಿಗೆ ಕೈಯೆತ್ತಿದ್ದಾಗ, ಪಾಪ ಬಿಟ್ಟು ಸ್ವರ್ಗಕ್ಕೆ ಬರುತ್ತೀಯೋ, ಪಾಪದೊಡನೆ ನರಕಕ್ಕೆ ಹೋಗುತ್ತೀಯೋ ಎಂದು ಆಕಾಶದಿಂದ ಯಾರೋ ಕೇಳಿದಂತಾಯಿತು. ಚಿನ್ನಿಯನ್ನು ನೆಲದ ಮೇಲೇ ಬಿಟ್ಟು ತಲೆಯೆತ್ತಿ ನೋಡಿದ. ಆಮೇಲೆ, ಹೇಗೂ ಕೆಟ್ಟೆನಲ್ಲ, ಆಡಿಯೇ ಕೆಡೋಣ ಎಂದು ಮತ್ತೆ ಆಟಕ್ಕೆ ನಿಂತ.

ಆದರೂ ಹೆದರಿಕೆ ಬಿಡಲಿಲ್ಲ. ಬಯ್ಗುಳ ಬಿಟ್ಟ, ಆಟ ಬಿಟ್ಟ. ಚರ್ಚಿನ ಗಂಟೆ ಬಾರಿಸುವುದೆಂದರೆ ಅವನಿಗೆ ಪ್ರಾಣ. ಅದೂ ಮೋಜೇ ಎಂದು ಅದನ್ನೂ ಬಿಟ್ಟ. ಬಿಟ್ಟರೂ ಹೋಗಿ ನೋಡುತ್ತ ನಿಲ್ಲುವ ಚಪಲ. ಗಂಟೆ ಕಳಚಿ ತಲೆಯ ಮೇಲೆ ಬಿದ್ದರೆ ಎಂದು ತೊಲೆಯ ಕೆಳಗೆ ನಿಂತ. ಗೋಡೆಗೆ ಬಡಿದು ಪುಟಿದು ಬಂದರೆ ಎಂದು ಬಾಗಿಲಿಗೆ ಸರಿದ. ಗೋಪುರವೇ ಕುಸಿದರೆ ಎಂದು ಕೊನೆಗೆ ಅಲ್ಲಿಂದ ಓಟ ಕಿತ್ತ. ಓದುವಾಗ ನಗು ಬರುತ್ತದೆ. ಬರೆಯುವಾಗ ಅವನೂ ಸ್ವಲ್ಪ ನಕ್ಕಿರಬೇಕು. ಊರಿನವರು ಮಾತ್ರ ಅವನನ್ನು ಹೊಗಳತೊಡಗಿದ್ದರು. ದೇವರಿಗೆ ತನಗಿಂತ ಪ್ರಿಯನಾದವನು ಇಂಗ್ಲೆಂಡಿನಲ್ಲೇ ಇಲ್ಲವೆಂದು ಅವನಿಗೂ ಅನಿಸಿತ್ತು.

ಇಂತಿರುವಲ್ಲಿ ಒಂದು ದಿನ ಕಸುಬಿನ ಮೇಲೆ ಬೆಡ್‌ಫರ್ಡಿಗೆ ಹೋದ. ಒಂದು ಬೀದಿಯಲ್ಲಿ ಮೂರು ನಾಲ್ಕು ಮಂದಿ ಬಡ ಹೆಂಗಸರು ಮನೆಬಾಗಿಲಲ್ಲಿ ಬಿಸಿಲಿಗೆ ಕುಳಿತು ದೇವರ ವಿಚಾರ ಮಾತಾಡುತ್ತಿದ್ದರು. ಧರ್ಮದ ಮಾತಿನಲ್ಲಿ ತಾನೂ ಕಡಮೆಯವನಲ್ಲವೆಂಬ ಭಾವನೆಯಿಂದ ಹತ್ತಿರ ಹೋಗಿ ನಿಂತ. ಕಿವಿಗೊಟ್ಟರೆ ಒಂದೂ ಅರ್ಥವಾಗದು! ಅವರು ಆಡುತ್ತಿದ್ದುದು ವಿಧಿನಿಷೇಧಗಳ ಮಾತಲ್ಲ. ದೇವರು ತಮ್ಮ ಬಳಿಗೆ ಹೇಗೆ ಬಂದ, ಎದೆಯೊಳಗೆ ಏನು ಮಾಡಿದ, ಕಂಗೆಟ್ಟಾಗ ಹೇಗೆ ಸಂತೈಸಿದ ಎಂದು, ನೆರೆಮನೆಗೆ ಬಂದುಹೋದ ನೆಂಟನ ಸಮಾಚಾರ ಹೇಳುವಂತೆ ಹೇಳಿಕೊಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಬನ್ಯನ್ನನಿಗೆ ನಾಟಿದ್ದು ಅವರ ದನಿ. ಸಂತೋಷವೇ ಅವರಿಂದ ಮಾತಾಡಿಸುತ್ತಿರುವಂತೆ ಅವನಿಗೆ ಕಂಡಿತು. ತನ್ನ ಧರ್ಮವೆಲ್ಲ ಗೋಪುರ ಬಿದ್ದೀತೆಂಬ ಭಯ. ಇವರದು ಬಿಸಿಲು ಕಾಯಿಸುವವರ ಸುಖ. ಕೆಲಸಕ್ಕೆ ಹೊರಟುಹೋದನಾದರೂ ಮನಸ್ಸು ಅಲ್ಲೇ ಉಳಿಯಿತು. ಮತ್ತೆ ಮತ್ತೆ ಆ ಹೆಂಗಸರ ಬಳಿಗೆ ಹೋಗುವುದು ಅವನಿಗೆ ರೂಢಿಯಾಯಿತು. ತಮ್ಮ ಮಾತನ್ನು ಕೇಳಿ ನಿಂತಿದ್ದ ಈ ಮಸಿಬಡಿದ ತರುಣನು ಮುಂದೆ ಏನಾದನೆಂಬುದನ್ನು ಆ ತಾಯಂದಿರು ಪೂರ್ತಿಯಾಗಿ ಕಂಡರೋ ಇಲ್ಲವೋ. ಅವನ ಪುಸ್ತಕದಲ್ಲಿ ಅವರಿಗೆ ಹೆಸರಿಲ್ಲ.

ಆ ದಿನಗಳಲ್ಲೇ ಅವನಿಗೆ ಕನಸಿನಂತೆ ಒಂದು ನೋಟ ಕಂಡಿತು. ಎತ್ತರವಾದ ಬೆಟ್ಟ; ಅದರ ಬಿಸಿಲು ಬಿದ್ದ ಮಗ್ಗುಲಲ್ಲಿ ಆ ಹೆಂಗಸರು ಕುಳಿತಿದ್ದಾರೆ. ಇವನಾದರೋ ಹಿಮ, ಮೋಡ, ಕೊರೆಯುವ ಚಳಿಯಲ್ಲಿ ನಡುಗುತ್ತಿದ್ದಾನೆ. ನಡುವೆ ಒಂದು ಗೋಡೆ. ಸುತ್ತಿ ಸುತ್ತಿ ಹುಡುಕಿದಮೇಲೆ ಒಂದು ಸಣ್ಣ ಕಂಡಿ ಸಿಕ್ಕಿತು. ಮೊದಲು ತಲೆ, ಆಮೇಲೆ ಹೆಗಲು, ಆಮೇಲೆ ಮೈಯೆಲ್ಲ, ಹೀಗೆ ನುಸುಳಿ ಒಳಗೆ ಹೋಗಿ ಅವರ ನಡುವೆ ಬಿಸಿಲಿನಲ್ಲಿ ಕುಳಿತ.

ಕನಸಿನಲ್ಲಿ ನುಸುಳಿದಷ್ಟು ಸುಲಭವಾಗಿ ಎಚ್ಚರದಲ್ಲಿ ನುಸುಳಲಾಗಲಿಲ್ಲ. ಆ ಹೆಂಗಸರ ಗುರು ಜಾನ್ ಗಿಫರ್ಡ್ ಎಂಬಾತ. ಒಂದು ಕಾಲಕ್ಕೆ ದೊರೆಯ ಕಡೆಯ ಸೇನಾಧಿಕಾರಿ, ಮರಣದಂಡನೆಯಿಂದ ತಪ್ಪಿಸಿಕೊಂಡವನು, ಜೂಜುಗಾರ, ವೈದ್ಯ, ಕೊನೆಗೆ ಪಾದ್ರಿ. ಅವನ ಸಹವಾಸ ದೊರೆತರೂ ಬನ್ಯನ್ನನ ತೊಳಲಾಟ ವರ್ಷಗಟ್ಟಲೆ ನಡೆಯಿತು. ಕ್ರಿಸ್ತನನ್ನು ಮಾರಿಬಿಡು, ಮಾರಿಬಿಡು ಎಂದು ಊಟಕ್ಕೆ ಕುಳಿತಲ್ಲಿ, ಕಟ್ಟಿಗೆ ಸೀಳುವಲ್ಲಿ ಒಳದನಿಯೊಂದು ಕಾಡುತ್ತಿತ್ತು. ಇಂದಿನ ಮನಶ್ಶಾಸ್ತ್ರಜ್ಞರು ಇದಕ್ಕೆ ಬೇರೆ ಹೆಸರಿಟ್ಟಾರು, ಇಡಲಿ. ಕಡೆಗೆ ಒಂದು ದಿನ ಹೊಲದಲ್ಲಿ ನಡೆದು ಹೋಗುತ್ತಿದ್ದಾಗ ಒಂದು ವಿಚಾರ ಹೊಳೆಯಿತು. ತನ್ನ ಪುಣ್ಯ ತನ್ನ ಮನಸ್ಸಿನ ಏರಿಳಿತದಲ್ಲಿಲ್ಲ, ಅದು ಕ್ರಿಸ್ತನೇ, ಅವನಿರುವುದು ಸ್ವರ್ಗದಲ್ಲಿ. ಮನಸ್ಸು ಚೆನ್ನಾಗಿದ್ದರೆ ಅದೇನೂ ಹೆಚ್ಚದು, ಕೆಟ್ಟರೆ ಕುಂದದು. ಕಾಲಿನ ಸರಪಣಿ ಕಳಚಿದಂತಾಯಿತೆಂದು ಬರೆಯುತ್ತಾನೆ. ಅಂದಿನಿಂದ ಸ್ವರ್ಗವೆಂಬುದು ಅವನಿಗೆ ಕೂಲಿ ಬಟವಾಡೆಯ ಸ್ಥಳವಾಗಿ ಉಳಿಯಲಿಲ್ಲ. ತನ್ನವನೊಬ್ಬನು ಇರುವ ಊರಾಯಿತು.

ಬೆಡ್‌ಫರ್ಡಿನ ಸಭೆಯನ್ನು ಸೇರಿ ಉಪದೇಶ ಮಾಡತೊಡಗಿದ. ಜನ ಕೂಡಿತು. ೧೬೬೦ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ಸಿಂಹಾಸನಕ್ಕೆ ಮರಳಿದೊಡನೆ ಗಾಳಿ ತಿರುಗಿತು. ಅಧಿಕೃತ ಚರ್ಚಿನ ಹೊರಗೆ ಕೂಟ ಸೇರಿಸುವುದು ಅಪರಾಧವೆಂಬ ಹಳೆಯ ಕಾನೂನಿಗೆ ಮತ್ತೆ ಜೀವ ಬಂತು. ಅದೇ ವರ್ಷ ನವೆಂಬರ್ ೧೨ರಂದು ಲೋಯರ್ ಸ್ಯಾಮ್ಸೆಲ್ ಎಂಬ ಹಳ್ಳಿಯಲ್ಲಿ ಕೂಟ ನಡೆಸಲು ಹೋದಾಗ, ವಾರಂಟ್ ಹೊರಟಿದೆಯೆಂದು ಸ್ನೇಹಿತರು ಮೊದಲೇ ತಿಳಿಸಿದರು. ಹೋಗಿಬಿಡಬಹುದಿತ್ತು, ಹೋಗಲಿಲ್ಲ. ೧೬೬೧ರ ಜನವರಿಯಲ್ಲಿ ವಿಚಾರಣೆಯಾಯಿತು. ಮೂರು ತಿಂಗಳು ಸೆರೆ. ಆಮೇಲೂ ಉಪದೇಶ ಬಿಡದಿದ್ದರೆ ಗಡೀಪಾರು. ಗಡೀಪಾರಾಗಿ ಅಪ್ಪಣೆಯಿಲ್ಲದೆ ಹಿಂದಿರುಗಿದರೆ ನೇಣು. ಇಂದು ಬಿಟ್ಟರೆ ನಾಳೆಯೇ ಉಪದೇಶ ಮಾಡುವೆನೆಂದು ಬನ್ಯನ್ ಉತ್ತರ ಕೊಟ್ಟ. ಮೂರು ತಿಂಗಳು ಹನ್ನೆರಡು ವರ್ಷವಾಯಿತು.

ಮೊದಲ ಹೆಂಡತಿ ಆಗಲೇ ತೀರಿಕೊಂಡಿದ್ದಳು. ಎರಡನೆಯವಳು ಎಲಿಜಬೆತ್, ಮದುವೆಯಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ, ಗರ್ಭಿಣಿ. ಗಂಡನನ್ನು ಹಿಡಿದರೆಂಬ ಸುದ್ದಿಯ ಆಘಾತಕ್ಕೆ ಅಕಾಲದಲ್ಲಿ ಹೆರಿಗೆಯಾಗಿ ಕೂಸು ಉಳಿಯಲಿಲ್ಲ. ಆಕೆ ಲಂಡನ್ನಿಗೆ ಹೋಗಿ ಅರ್ಜಿ ಕೊಟ್ಟಳು. ೧೬೬೧ರ ಆಗಸ್ಟಿನಲ್ಲಿ ಬೆಡ್‌ಫರ್ಡಿಗೆ ನ್ಯಾಯಾಧೀಶರು ಬಂದಾಗ ತುಂಬಿದ ಕೊಠಡಿಯಲ್ಲಿ ಅವರೆದುರು ನಿಂತಳು. ಸವತಿಯ ನಾಲ್ಕು ಮಕ್ಕಳಿದ್ದಾರೆ, ಒಂದಕ್ಕೆ ಕಣ್ಣಿಲ್ಲ, ಊರವರ ದಾನದಿಂದ ಹೊಟ್ಟೆ ಹೊರೆಯುತ್ತಿದ್ದೇವೆ ಎಂದಳು. ಗಂಡ ಉಪದೇಶ ಬಿಡುವನೇ ಎಂದು ಕೇಳಿದರೆ, ಬಾಯಿರುವ ತನಕ ಬಿಡಲಾರ ಎಂದಳು. ಸರ್ ಮ್ಯಾಥ್ಯೂ ಹೇಲ್ ಎಂಬ ನ್ಯಾಯಾಧೀಶನು ಮರುಗಿದ. ಆದರೆ ಏನೂ ಮಾಡಲಿಲ್ಲ. ಅವಳು ಅತ್ತುಕೊಂಡು ಹೊರಬಂದಳು. ಈ ಅಳು ತನ್ನ ಮೇಲೆ ಅವರು ಕಲ್ಲೆದೆ ಮಾಡಿದರೆಂದಲ್ಲ, ದೇವರ ಮುಂದೆ ಈ ಜನ ಏನು ಲೆಕ್ಕ ಒಪ್ಪಿಸುವರೋ ಎಂದು ನೆನೆದು, ಎಂದಳಂತೆ. ಬನ್ಯನ್ನನ ಚರಿತ್ರೆ ಬರೆಯುವವರು ಈ ಹೆಂಗಸಿಗೆ ಇನ್ನಷ್ಟು ಜಾಗ ಕೊಡಬೇಕೆಂದು ನನಗೆ ಅನ್ನಿಸುತ್ತದೆ.

ಸೆರೆಮನೆಯಲ್ಲಿ ಬನ್ಯನ್ ಲಾಡಿಗಳಿಗೆ ಲೋಹದ ತುದಿ ಕಟ್ಟಿ ಡಜನುಗಟ್ಟಲೆ ಮಾರಾಟಕ್ಕೆ ಕೊಡುತ್ತಿದ್ದ. ಸಂಸಾರಕ್ಕೆ ಅದೇ ಅವನ ಸಂಪಾದನೆ. ಅವನನ್ನು ಹಿಂಡಿದ್ದು ಸೆರೆಯಲ್ಲ, ಕುರುಡು ಮಗಳು ಮೇರಿಯ ನೆನಪು. ಅವಳು ಹಸಿದಾಳು, ಚಳಿಗೆ ನಡುಗಿಯಾಳು, ಯಾರಾದರೂ ಹೊಡೆದಾರು ಎಂಬ ಯೋಚನೆ ಬಂದರೆ ಮೂಳೆಯಿಂದ ಮಾಂಸ ಕಿತ್ತಂತಾಗುತ್ತಿತ್ತು. ತನ್ನ ಮನೆಯನ್ನು ಹೆಂಡತಿಮಕ್ಕಳ ತಲೆಯ ಮೇಲೆ ತಾನೇ ಕೆಡವುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಒಂದು ಮಾತು ಒಪ್ಪಿದ್ದರೆ ಸಂಜೆಗೆ ಮನೆ ಸೇರಬಹುದಾಗಿತ್ತು. ಮೇರಿಯ ಕಡೆಯಿಂದ ನೋಡಿದರೆ ಅವನು ಮಾಡಿದ್ದು ಸರಿಯೇ? ಓದುವವನಿಗೆ ಈ ಪ್ರಶ್ನೆ ತಪ್ಪುವುದಿಲ್ಲ, ಅವನಿಗೂ ತಪ್ಪಲಿಲ್ಲ. ಉತ್ತರ ಸಿಕ್ಕಿತೆಂದು ಅವನು ಎಲ್ಲಿಯೂ ಸೋಗು ಹಾಕುವುದಿಲ್ಲ.

ಸೆರೆಯ ಮೊದಲ ದಿನಗಳಲ್ಲೇ ಇನ್ನೊಂದು ಗಂಡಾಂತರ ಒದಗಿತು. ಕಾನೂನು ಸರಿಯಾಗಿ ತಿಳಿಯದ ಬನ್ಯನ್, ತನ್ನನ್ನು ಗಲ್ಲಿಗೇರಿಸುವುದು ಖಂಡಿತವೆಂದೇ ಎಣಿಸಿದ್ದ. ಅದೇ ಹೊತ್ತಿಗೆ ದೇವರ ಸುಖವೆಲ್ಲ ಎದೆಯಿಂದ ಇಂಗಿಹೋಗಿತ್ತು. ಬಾಗಿಲ ಬಿಸಿಲೂ ಇಲ್ಲ, ಹೊಲದ ಬಿಡುಗಡೆಯೂ ಇಲ್ಲ. ಏಣಿಯ ಮೇಲೆ ನಿಂತಾಗ ಮುಖ ಬಿಳುಪೇರಿ ಮೊಣಕಾಲು ನಡುಗಿದರೆ, ಇಂಥ ಹೇಡಿಯ ದೇವರು ಎಂಥವನೆಂದು ಜನ ಆಡಿಕೊಂಡಾರು ಎಂದು ನಾಚಿಕೆ. ಸತ್ತಮೇಲೆ ಸ್ವರ್ಗ ಉಂಟೆಂಬ ಭರವಸೆಯನ್ನು ಒಂದಿಷ್ಟಾದರೂ ಕೊಡೆಂದು ಬೇಡಿದ, ಏನೂ ಬರಲಿಲ್ಲ. ವಾರಗಟ್ಟಲೆ ಹೀಗೇ ಕಳೆಯಿತು. ಆಗ ಅವನಿಗೆ ಹೊಳೆದದ್ದು ಯೋಬನ ಕಥೆಯಲ್ಲಿ ಸೈತಾನನು ಎತ್ತಿದ ಆ ಆಕ್ಷೇಪಣೆ. ತನ್ನ ಭಕ್ತಿಯೂ ಲಾಭದ್ದೇ ಏನು? ದೇವರು ಕೊನೆಗಳಿಗೆಯಲ್ಲಿ ಸಂತೈಸುವುದೂ ಬಿಡುವುದೂ ದೇವರ ಇಷ್ಟ; ಕೊಟ್ಟ ಮಾತಿಗೆ ನಿಲ್ಲುವುದು ತನ್ನ ಪಾಲಿನದು. ಸ್ವರ್ಗ ಬರಲಿ ನರಕ ಬರಲಿ, ಮುಳುಗಲಿ ತೇಲಲಿ, ಏಣಿಯಿಂದ ಕಣ್ಣುಮುಚ್ಚಿ ಅನಂತಕ್ಕೆ ಹಾರಿಯೇ ಬಿಡುತ್ತೇನೆ ಎಂದು ನಿಶ್ಚಯಿಸಿದ. ಈ ನಿಶ್ಚಯದೊಡನೆ, ಕೇಳಿದಾಗ ಬಾರದಿದ್ದ ನೆಮ್ಮದಿ ತಾನಾಗಿಯೇ ಬಂತು. ಇದನ್ನೆಲ್ಲ ೧೬೬೬ರಲ್ಲಿ ಸೆರೆಯಿಂದಲೇ ಪ್ರಕಟಿಸಿದ ‘ಗ್ರೇಸ್ ಅಬೌಂಡಿಂಗ್’ ಎಂಬ ಆತ್ಮಕಥೆಯಲ್ಲಿ ಅವನು ಹೇಳಿಕೊಂಡಿದ್ದಾನೆ.

ಅವನನ್ನು ಗಲ್ಲಿಗೇನೂ ಹಾಕಲಿಲ್ಲ. ೧೬೭೨ರಲ್ಲಿ ಬಿಡುಗಡೆಯಾಯಿತು, ಕೆಲವು ವರ್ಷಗಳ ಮೇಲೆ ಮತ್ತೆ ಕೆಲವು ತಿಂಗಳು ಸೆರೆ. ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಬೆಳಕು ಕಂಡದ್ದು ೧೬೭೮ರಲ್ಲಿ. ಅದರ ಬಹುಭಾಗ ಸೆರೆಮನೆಯಲ್ಲಿ ಹುಟ್ಟಿದ್ದೆಂದು ಬಲ್ಲವರ ಅಭಿಪ್ರಾಯ. ಬೆನ್ನ ಮೇಲೆ ಹೊರೆ ಹೊತ್ತ ಕ್ರಿಶ್ಚಿಯನ್ ಎಂಬ ಯಾತ್ರಿಕನು ನಾಶಪಟ್ಟಣವನ್ನು ಬಿಟ್ಟು ಸ್ವರ್ಗಪಟ್ಟಣಕ್ಕೆ ನಡೆಯುವ ಈ ಕಥೆ ಇನ್ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಇದನ್ನು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೂ ತಂದರು. ನಮ್ಮ ಹೊಸಗನ್ನಡ ಗದ್ಯ ಅಂಬೆಗಾಲಿಡುತ್ತಿದ್ದ ಕಾಲ ಅದು.

ಪುಸ್ತಕದಲ್ಲಿ ನನಗೆ ಮೆಚ್ಚಾದುದು ಕೊನೆಯ ಭಾಗ. ಸ್ವರ್ಗಕ್ಕೆ ಮೊದಲು ಬ್ಯೂಲಾ ಎಂಬ ನಾಡು ಸಿಕ್ಕುತ್ತದೆ. ಹಕ್ಕಿಯ ಹಾಡು, ದಿನವೂ ಹೂ, ಇರುಳಿಲ್ಲದ ಬಿಸಿಲು. ಆ ಪಟ್ಟಣವನ್ನು ಅಲ್ಲಿಂದ ಕಂಡೇ ಯಾತ್ರಿಕರು ಹಂಬಲದಿಂದ ಕಾಯಿಲೆ ಬೀಳುತ್ತಾರೆ. ಆದರೆ ನಡುವೆ ನದಿಯಿದೆ, ಸೇತುವೆಯಿಲ್ಲ. ನೀರಿಗಿಳಿದೊಡನೆ ಕ್ರಿಶ್ಚಿಯನ್ನನಿಗೆ ಕಾಲು ನೆಲಕ್ಕೆ ಎಟುಕದು, ಹಿಂದೆ ಪಡೆದ ಅನುಗ್ರಹವೊಂದೂ ನೆನಪಿಗೆ ಬಾರದು, ಆ ಪಟ್ಟಣ ತನಗಿಲ್ಲವೆಂದೇ ಕೂಗಿಕೊಳ್ಳುತ್ತಾನೆ. ಜೊತೆಗಾರನು ಅವನ ತಲೆಯನ್ನು ನೀರಿನ ಮೇಲೆ ಎತ್ತಿಹಿಡಿಯಬೇಕಾಗುತ್ತದೆ. ಏಣಿಯ ಮೆಟ್ಟಿಲಲ್ಲಿ ಮನಸ್ಸಿನೊಳಗೇ ನಿಂತು ನೋಡಿದ್ದವನಲ್ಲದೆ ಬೇರೆ ಯಾರೂ ಇದನ್ನು ಹೀಗೆ ಬರೆಯಲಾರರು.

ಬನ್ಯನ್ ತನ್ನ ನದಿಯನ್ನು ದಾಟಿದ್ದು ೧೬೮೮ರಲ್ಲಿ. ತಂದೆಮಗನ ಜಗಳವೊಂದನ್ನು ತೀರಿಸಲು ಕುದುರೆಯೇರಿ ರೆಡಿಂಗ್ ಊರಿಗೆ ಹೋಗಿ, ರಾಜಿಮಾಡಿಸಿ, ಜಡಿಮಳೆಯಲ್ಲಿ ತೊಯ್ದು ಲಂಡನ್ನಿಗೆ ಬಂದ. ಜ್ವರ ಹಿಡಿಯಿತು. ಆಗಸ್ಟ್ ೩೧ರಂದು ಕಿರಾಣಿ ವ್ಯಾಪಾರಿಯಾಗಿದ್ದ ಸ್ನೇಹಿತನ ಮನೆಯಲ್ಲಿ ತೀರಿಕೊಂಡ. ಸಮಾಧಿ ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿದೆ.

ಕಥೆಯಲ್ಲಿ ಯಾತ್ರಿಕರು ದಡ ಸೇರಿ ಬಾಗಿಲು ತೆರೆದಾಗ, ಕನಸು ಕಾಣುತ್ತಿರುವ ಕಥೆಗಾರನೂ ಇಣಿಕಿ ನೋಡುತ್ತಾನೆ. ಒಳಗೆಲ್ಲ ಸೂರ್ಯನಂತೆ ಹೊಳೆಯುತ್ತಿದೆ. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ. ತಾನೂ ಅವರ ನಡುವೆ ಇದ್ದಿದ್ದರೆ ಎಂದು ಹಂಬಲಿಸುತ್ತ ಅವನು ಹೊರಗೇ ಉಳಿಯುತ್ತಾನೆ, ಬೆಡ್‌ಫರ್ಡಿನ ಬೀದಿಯಲ್ಲಿ ಆ ಹೆಂಗಸರ ಬಾಗಿಲ ಮುಂದೆ ಒಮ್ಮೆ ನಿಂತಿದ್ದ ಹಾಗೆ.